ನಾಡದೇವಿಯ ಮೈಬಣ್ಣ

ಪ್ರತಿವರ್ಷ ನವೆಂಬರ ೧ನೆಯ ತಾರೀಖಿಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಪೇಟೆಬೀದಿಗಳಲ್ಲಿ ತಾಯಿ ಭುವನೇಶ್ವರಿಯ ಪಟದ ಮೆರವಣಿಗೆಯು ಹೊರಡುವದನ್ನು ವಾಚಕರೆಲ್ಲರೂ ಕಂಡಿರುವರು. ಬಾಳೆಯ ಕಂಬ, ಮಾವಿನ ತೋರಣ, ಹಳದಿ ಕೆಂಪಿನ ಬಾವುಟ, ಮುಂದೆ ಡೊಳ್ಳು, ಹಿಂದೆ ಶಾಲೆಯ ಮಕ್ಕಳ ಸಾಲು. ಇವೆಲ್ಲವುಗಳ ನಡುವೆ ತಸಬೀರಿನೊಳಗಿಂದ ದೇವಿಯು ನಸುನಗುತ್ತ ಸಾಗುವಳು. ಆಕೆಯ ಮುಖವು ಕೆನೆಹಾಲಿನಂತೆ ಬೆಳ್ಳಗಿರುವದು, ಗಲ್ಲಗಳಲ್ಲಿ ಗುಲಾಬಿಯ ಛಾಯೆಯಿರುವದು. ಹಾದಿಯ ಇಕ್ಕೆಲಗಳಲ್ಲಿ ನಿಂತು ಕೈಮುಗಿಯುವ ನಮ್ಮ ಹೆಣ್ಣುಮಕ್ಕಳ ಮುಖಗಳಾದರೋ ಬೇರೆಯ ಬಣ್ಣದವು. ಹತ್ತಿ ಬಿಡಿಸುವವರು, ನಾಟಿ ಮಾಡುವವರು, ಸಂತೆಗೆ ವೀಳ್ಯದೆಲೆ ತರುವವರು, ಬಿಸಿಲನ್ನೇ ಹೊದ್ದು ಬದುಕುವವರು ಅವರು. ಪಟದೊಳಗಿನ ತಾಯಿಗೂ ಹೊರಗಿನ ಮಕ್ಕಳಿಗೂ ಇರುವ ಈ ಬಣ್ಣದ ಭೇದವು ಎಲ್ಲಿಂದ ಬಂದಿತು, ಪರದೇಶಗಳಲ್ಲಿ ಇಂಥದೇ ಭೇದವನ್ನು ಕಂಡ ಚಿತ್ರಕಾರರು ಏನು ಮಾಡಿದರು, ನಮ್ಮ ನೆರೆಯ ಅಡವಿಯಲ್ಲಿರುವ ಕೆಲವು ಕನ್ನಡ ಹೆಣ್ಣುಮಕ್ಕಳಿಗೆ ಈ ಪಟದಲ್ಲಿ ಯಾವ ಸ್ಥಾನವಿದೆ ಎಂಬದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ನಾಡು ತನ್ನ ತಾಯಿಯ ಮುಖವನ್ನು ಬರೆಯುವಾಗ ತನ್ನವರೆಂದು ಯಾರನ್ನು ಎಣಿಸುವದೆಂಬದನ್ನೂ ಅದರೊಡನೆಯೇ ಬರೆದಿಡುವದಾದ್ದರಿಂದ, ಇದು ಇತಿಹಾಸದ ವಿಷಯವೇ ಆಗಿದೆ.

ಭುವನೇಶ್ವರಿಯ ಉಪಾಸನೆಯು ಬಹು ಪ್ರಾಚೀನವಾದದ್ದು. ದಶಮಹಾವಿದ್ಯೆಗಳಲ್ಲಿ ಆಕೆಯೂ ಒಬ್ಬಳು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಆಕೆಯ ಗುಡಿಯಿದೆ. ಸಿದ್ದಾಪುರ ತಾಲೂಕಿನ ಭುವನಗಿರಿಯಲ್ಲಿ ಬಿಳಗಿಯ ಅರಸರು ಕಟ್ಟಿಸಿದ ಗುಡಿಯಿದೆ. ಆಗಮಗಳು ಆಕೆಯನ್ನು ಉದಯಸೂರ್ಯನ ಕಾಂತಿಯವಳೆಂದು ಧ್ಯಾನಿಸುವವು. ಅಂದಮೇಲೆ ಶಾಸ್ತ್ರವನ್ನೇ ಹಿಡಿದು ಹೊರಟರೂ ಆಕೆಯು ಕೆಂಬಣ್ಣದವಳಾಗಬೇಕೇ ಹೊರತು ಹಾಲುಬಣ್ಣದವಳಾಗಲಾರಳು. ಇನ್ನು ಆಕೆಯನ್ನು ಇಡಿಯ ಕನ್ನಡನಾಡಿನ ಅಧಿದೇವತೆಯೆಂದು ಪಟದಲ್ಲಿ ಬರೆದು ಮೆರೆಸುವ ಪದ್ಧತಿಯು ಇಪ್ಪತ್ತನೆಯ ಶತಮಾನದ್ದು. ದೇಶವನ್ನು ಹೆಣ್ಣಾಗಿ ಚಿತ್ರಿಸುವ ಈ ರೂಢಿಗೆ ನಮ್ಮಲ್ಲಿ ದೊಡ್ಡ ಪ್ರೇರಣೆಯಾದದ್ದು ೧೯೦೫ರಲ್ಲಿ, ವಂಗಭಂಗದ ಕಾಲಕ್ಕೆ, ಅವನೀಂದ್ರನಾಥ ಠಾಕೂರರು ಬರೆದ ಭಾರತಮಾತೆಯ ಚಿತ್ರ. ಕಾವಿಯುಟ್ಟ ಒಬ್ಬ ತಪಸ್ವಿನಿ. ನಾಲ್ಕು ಕೈಗಳಲ್ಲಿ ಪುಸ್ತಕ, ಬತ್ತದ ತೆನೆ, ಬಿಳಿಯ ವಸ್ತ್ರ, ಜಪಮಾಲೆ. ಅವರು ಮೊದಲು ಬರೆಯಹೊರಟದ್ದು ವಂಗಮಾತೆಯನ್ನು. ಅದೇ ಚಿತ್ರವು ಮುಂದೆ ಭಾರತಮಾತೆಯಾಯಿತು. ಹೆಸರು ಹೀಗೆ ಬದಲಾಗಬಹುದಾದರೆ ಮುಖವೂ ಬದಲಾಗಬಹುದೆಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ನಮ್ಮ ಮನೆಗಳ ಗೋಡೆಗಳನ್ನು ಆಳಿದ್ದು ಅವನೀಂದ್ರರ ಕುಂಚವಲ್ಲ. ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯ ಹತ್ತಿರ ಕಲ್ಲಚ್ಚಿನ ಛಾಪಖಾನೆಯನ್ನು ತೆರೆದ ಮೇಲೆ, ಲಕ್ಷ್ಮಿ ಸರಸ್ವತಿಯರ ಬಣ್ಣದ ತಸಬೀರುಗಳು ಬಡವರ ಮನೆಯ ದೇವರ ಜಗಲಿಗೂ ಬಂದವು. ಅದೊಂದು ದೊಡ್ಡ ಉಪಕಾರವೇ ಸರಿ. ಗುಡಿಯೊಳಗೆ ಕಾಲಿಡಲು ಅವಕಾಶವಿಲ್ಲದವರ ಮನೆಗೂ ದೇವರು ತಾನಾಗಿ ನಡೆದು ಬಂದಂತಾಯಿತು. ಆದರೆ ಆ ತಸಬೀರುಗಳೊಡನೆ ದೇವಿಯೆಂದರೆ ಬೆಳ್ಳಗಿರತಕ್ಕವಳು, ಅರಮನೆಯ ನೆರಳಿನಲ್ಲಿ ಬೆಳೆದವಳು ಎಂಬ ಭಾವನೆಯೂ ಮನೆಮನೆಗೆ ಹೊಕ್ಕಿತು. ಇದೇ ರವಿವರ್ಮರು ೧೮೮೯ರಲ್ಲಿ ಮೈಸೂರು ಅರಮನೆಗಾಗಿ ಬರೆದ, ಈಗ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಗುಂಪಿನ ಚಿತ್ರದಲ್ಲಿ ಹಲವು ಸೀಮೆಗಳ ಹೆಣ್ಣುಮಕ್ಕಳನ್ನು ಅವರವರ ಉಡಿಗೆ ತೊಡಿಗೆಗಳಲ್ಲಿ ಒಂದೇ ಕಡೆಗೆ ಕೂಡ್ರಿಸಿದ್ದಾರೆ. ದೇಶವೆಂದರೆ ನಾನಾ ರೂಪದ ಹೆಣ್ಣುಮಕ್ಕಳ ಸಭೆಯೆಂಬ ಆ ಕಲ್ಪನೆಯು ಅರಮನೆಯಲ್ಲಿಯೇ ಉಳಿಯಿತು. ಒಂಟಿ ದೇವಿಯ ಬಿಳಿಯ ಮುಖವು ಮಾತ್ರ ಸಂತೆಗೆ ಇಳಿಯಿತು.

ಕನ್ನಡದ ತಾಯಿಯ ಮಾತಿಗೆ ಬರೋಣ. ಏಕೀಕರಣದ ಹೋರಾಟಗಾರರಾದ ಅಂದಾನಪ್ಪ ದೊಡ್ಡಮೇಟಿಯವರು ೧೯೫೩ರಲ್ಲಿ ರೋಣದ ಸೀಮೆಯ ಜಕ್ಕಲಿಯ ತಮ್ಮ ಮನೆಯ ಗೋಡೆಯ ಮೇಲೆ ಗದುಗಿನ ಚಿತ್ರಕಾರರಾದ ಸಿ. ಎನ್. ಪಾಟೀಲರಿಂದ ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ಆಗ ಜಕ್ಕಲಿಯೂ ನಮ್ಮೀ ನಾಲ್ಕು ಸೀಮೆಗಳೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿತ್ತು. ನಾಡು ಒಂದಾಗುವದಕ್ಕೆ ಇನ್ನೂ ಮೂರು ವರ್ಷಗಳು ಉಳಿದಿರುವಾಗಲೇ ಆ ಮನೆಯ ಗೋಡೆಯ ಮೇಲೆ ನಾಡದೇವಿಯು ಮೂಡಿದಳೆಂಬದು ಮನಸ್ಸಿಗೆ ಮುಟ್ಟುವ ಸಂಗತಿ. ಮುಂದೆ ೧೯೫೬ರಲ್ಲಿ ಏಕೀಕರಣವಾಯಿತು, ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅಷ್ಟರೊಳಗೆ ಒಂದೊಂದು ಊರಿನ ಪೇಂಟರನೂ ಒಂದೊಂದು ಬಗೆಯ ಭುವನೇಶ್ವರಿಯನ್ನು ಬರೆದುಕೊಂಡಿದ್ದನು. ಈ ನಾನಾತ್ವವನ್ನು ತೆಗೆದು ಒಂದೇ ಅಧಿಕೃತ ರೂಪವನ್ನು ಗೊತ್ತುಪಡಿಸಬೇಕೆಂದು ೨೦೨೨ರಲ್ಲಿ ಸರಕಾರವು ಸಮಿತಿಯನ್ನು ನೇಮಿಸಿತು. ೨೦೨೫ರ ಜನವರಿ ೨೭ರಂದು ಬೆಂಗಳೂರಿನ ವಿಧಾನಸೌಧದ ಪಶ್ಚಿಮದ ಬಾಗಿಲ ಮುಂದೆ ದೇವಿಯ ಕಂಚಿನ ಪ್ರತಿಮೆಯು ಅನಾವರಣಗೊಂಡಿತು. ಆಭರಣವಾವದು, ಆಸನವಾವದು, ಕೈಯಲ್ಲಿ ಏನಿರಬೇಕು ಎಂಬ ಚರ್ಚೆಗಳು ಸಾಕಷ್ಟು ನಡೆದವು. ಮೈಬಣ್ಣದ ಮಾತು ನನ್ನ ಕಿವಿಗೆ ಬೀಳಲಿಲ್ಲ. ಕಂಚಿನಲ್ಲಿ ಎರಕ ಹೊಯ್ದಾಗ ಆ ಪ್ರಶ್ನೆಯೇ ಏಳುವದಿಲ್ಲವೆಂಬದು ಶಿಲ್ಪಿಯ ಭಾಗ್ಯವೆನ್ನಬೇಕು!

ಕಪ್ಪೆಂಬುದು ನಮ್ಮ ಪೂರ್ವಜರಿಗೆ ನಾಚಿಕೆಯ ವಸ್ತುವಾಗಿರಲಿಲ್ಲ. ಕರ್ನಾಟವೆಂಬ ಹೆಸರಿಗೇ ಪಂಡಿತರು ಎರಡು ಅರ್ಥಗಳನ್ನು ಹೇಳುವರು. ಎತ್ತರದ ನಾಡೆಂದು ಕೆಲವರು, ಕರಿಯ ಮಣ್ಣಿನ ನಾಡೆಂದು ಕೆಲವರು. ಸವಣೂರಿನ ಎರೆಹೊಲವನ್ನು ಮಳೆಗಾಲದಲ್ಲಿ ಕಂಡವರಿಗೆ ಎರಡನೆಯ ಅರ್ಥವೇ ರುಚಿಸುವದರಲ್ಲಿ ಆಶ್ಚರ್ಯವಿಲ್ಲ. ವ್ಯಾಸರು ದ್ರೌಪದಿಯನ್ನು ಕೃಷ್ಣೆಯೆಂದು ಕರೆದರು. ಭಾರತದ ಪರಮಸುಂದರಿಯು ಶ್ಯಾಮಲವರ್ಣದವಳು. ಅಜಂತೆಯ ಗೋಡೆಗಳ ಮೇಲೆ ಬೆಳ್ಳಗಿನ ರಾಣಿಯರ ಮಗ್ಗುಲಲ್ಲಿ ಕಪ್ಪು ಮೈಯ ರಾಜಕುವರಿಯರೂ ಅಷ್ಟೇ ಗೌರವದಿಂದ ಕುಳಿತಿರುವರು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ, ಬಂಕಾಪುರದ ನಗರೇಶ್ವರದಲ್ಲಿ ಕೆತ್ತಿದ ರೂಪಗಳೆಲ್ಲ ಕಲ್ಲಿನ ಬಣ್ಣದವೇ. ಆ ರೂವಾರಿಗಳಿಗೆ ಅಂಗಭಂಗಿಯೂ ಮುಖದ ಪ್ರಸಾದವೂ ಸಾಕಾಗಿದ್ದವು. ೧೯೩೭ರಲ್ಲಿ ದಕ್ಷಿಣದೇಶವನ್ನು ಸುತ್ತಿದ ಅಮೃತಾ ಶೇರ್‌ಗಿಲ್ಲರು ಅಜಂತೆಯನ್ನು ಕಂಡು, ಆಮೇಲೆ ತಮ್ಮ ದೊಡ್ಡ ತೈಲಚಿತ್ರಗಳಲ್ಲಿ ದಕ್ಷಿಣದ ಜನರ ದಟ್ಟ ಕಂದುಬಣ್ಣವನ್ನು ಯಾವ ಸಂಕೋಚವೂ ಇಲ್ಲದೆ ತುಂಬಿದರು. ಆದರೂ ನಮ್ಮ ಪಟದ ದೇವಿಯು ಬೆಳ್ಳಗೆಯೇ ಉಳಿದಳು.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಸಾಮಾನ್ಯ ಶ್ಯಾಮಲವರ್ಣದ ಮಾತಾಯಿತು. ಇದಕ್ಕಿಂತಲೂ ಕಠಿಣವಾದ ಇನ್ನೊಂದು ಮಾತಿದೆ. ಆಫ್ರಿಕಾ ಖಂಡದ ಮೂಲದವರೂ ಕನ್ನಡಿಗರಾಗಿ ಈ ನೆಲದಲ್ಲಿ ನೂರಾರು ವರ್ಷಗಳಿಂದ ಬಾಳಿರುವರು. ಅವರಲ್ಲಿ ಗಂಡಸರ ಚಿತ್ರಗಳು ಇತಿಹಾಸದಲ್ಲಿ ಹೇರಳವಾಗಿವೆ. ವಿಜಾಪುರದ ಮಹಮ್ಮದ ಆದಿಲಶಹನ (೧೬೨೭–೧೬೫೬) ಹಬಸಿ ವಜೀರನಾದ ಇಖಲಾಸಖಾನನು ಆನೆಯ ಮೇಲೆ ಸುಲ್ತಾನನ ಬೆನ್ನಿಗೆ ಕುಳಿತ ಚಿತ್ರವೊಂದು ಪ್ರಸಿದ್ಧವಾಗಿದೆ. ಸುಮಾರು ೧೬೪೫ರ ಈ ಚಿತ್ರವನ್ನು ಹೈದರ ಅಲಿ, ಇಬ್ರಾಹಿಮಖಾನ ಎಂಬ ಚಿತ್ರಕಾರರು ಬರೆದರು. ವಜೀರನ ಮೈಯ ಕಪ್ಪನ್ನು ಅವರು ಅಡಗಿಸಲಿಲ್ಲ, ಹಾಸ್ಯಕ್ಕೂ ಗುರಿಮಾಡಲಿಲ್ಲ. ಅಧಿಕಾರವುಳ್ಳ ಮನುಷ್ಯನ ಗಾಂಭೀರ್ಯವನ್ನು ಆ ಬಣ್ಣದಲ್ಲಿಯೇ ತೋರಿಸಿದರು. ಇದಕ್ಕೆ ವಿರುದ್ಧವಾಗಿ, ಅಹಮದನಗರದ ಹಬಸಿ ವೀರನಾದ ಮಲಿಕ ಅಂಬರನನ್ನು ಯುದ್ಧದಲ್ಲಿ ಹಿಡಿಯಲಾರದ ಜಹಾಂಗೀರ ಬಾದಶಹನು, ಅಂಬರನ ಕತ್ತರಿಸಿದ ತಲೆಗೆ ತಾನು ಬಾಣ ಹೊಡೆಯುತ್ತಿರುವಂತೆ ಅಬುಲ್ ಹಸನನಿಂದ ಚಿತ್ರವನ್ನು ಬರೆಯಿಸಿಕೊಂಡನು. ರಣದಲ್ಲಿ ಆಗದ್ದು ಕಾಗದದ ಮೇಲಾದರೂ ಆಗಲಿ ಎಂಬ ಆಸೆ! ಅಂಬರನು ಮುಂದೆ ೧೬೨೬ರವರೆಗೆ ಬದುಕಿದ್ದನು.

ಈ ಇತಿಹಾಸವು ನಮ್ಮ ಸವಣೂರಿಗೂ ತೀರ ದೂರದ್ದಲ್ಲ. ವಿಜಾಪುರದ ಕಡೆಗಾಲದಲ್ಲಿ ದರಬಾರದೊಳಗೆ ಹಬಸಿಗಳದೊಂದು, ಪಠಾಣರದೊಂದು ಎಂದು ಎರಡು ಪಕ್ಷಗಳಾಗಿ, ಪಠಾಣ ಪಕ್ಷದ ಮುಂದಾಳಾದ ಬಹಲೋಲಖಾನನು ಹಬಸಿ ಪಕ್ಷದ ಖವಾಸಖಾನನನ್ನು ಸೆರೆಹಿಡಿದು ಕೊಲ್ಲಿಸಿದನು. ಆ ಬಹಲೋಲಖಾನನ ಮಿಯಾನ ಮನೆತನದವರೇ ಸವಣೂರಿನ ನವಾಬರು. ೧೬೮೬ರಲ್ಲಿ ವಿಜಾಪುರವು ಬಿದ್ದ ಮೇಲೆ ಆ ಮನೆತನದ ಅಬ್ದುಲ ರೌಫಖಾನನು ಔರಂಗಜೇಬನಿಂದ ಬಂಕಾಪುರ ಮೊದಲಾದ ಮಹಾಲುಗಳನ್ನು ಪಡೆದು ಸಂಸ್ಥಾನಕ್ಕೆ ಅಡಿಪಾಯ ಹಾಕಿದನು. ಇಷ್ಟೆಲ್ಲ ಹೆಸರುಗಳಲ್ಲಿ ಒಂದಾದರೂ ಹೆಣ್ಣಿನದಿದೆಯೇ? ವಿಜಾಪುರದ ಚಿತ್ರಶಾಲೆಯು ಹಬಸಿ ಸರದಾರನಿಗೆ ಮುಖವನ್ನು ಕೊಟ್ಟಿತು. ಅವನ ತಾಯಿಗೆ, ಮಗಳಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಆ ಹೆಣ್ಣುಮಕ್ಕಳ ಸಂತತಿಯವರು ಎಲ್ಲಿರುವರು? ಹಾನಗಲ್ಲ ಶಿಗ್ಗಾಂವಿಗಳ ಪಡುವಣ ಎಲ್ಲೆಯನ್ನು ದಾಟಿದರೆ ಮುಂಡಗೋಡ ತಾಲೂಕು. ಅಲ್ಲಿಂದ ಮುಂದೆ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಅಡವಿಯಲ್ಲಿಯೂ, ಇತ್ತ ಕಲಘಟಗಿ ಖಾನಾಪುರಗಳ ಅಂಚಿನಲ್ಲಿಯೂ ಸಿದ್ದಿಗಳೆಂಬ ಜನರು ವಾಸಿಸುವರು. ಇವರ ಹಿರಿಯರಲ್ಲಿ ಬಹುಜನರನ್ನು ಪೋರ್ತುಗೀಜರು ಆಫ್ರಿಕೆಯ ಮೂಡಣ ತೀರದಿಂದ ಗುಲಾಮರನ್ನಾಗಿ ಹಡಗಿನಲ್ಲಿ ಹೇರಿ ಗೋವೆಗೆ ತಂದರು; ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರಿಗೆ ನಮ್ಮ ಕಾಡು ಆಶ್ರಯ ಕೊಟ್ಟಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ; ಕನ್ನಡವನ್ನೂ ಕೊಂಕಣಿಯನ್ನೂ ಆಡುವರು. ಕೇಂದ್ರ ಸರಕಾರವು ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಎಣಿಸಿದ್ದು ೨೦೦೩ರಲ್ಲಿ. ಅವರೊಳಗಿನ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡದ್ದು ೨೦೨೦ರಲ್ಲಿ. ಹೆಣ್ಣುಮಗಳಾಗಲಿ ಗಂಡಾಗಲಿ, ಸಿದ್ದಿಯೊಬ್ಬರು ಬಸ್ಸಿನಲ್ಲಿ ಕುಳಿತರೆ ‘ನೀವು ಯಾವ ದೇಶದವರು?’ ಎಂದು ಕೇಳುವವರು ಇಂದಿಗೂ ಸಿಗುವರು. ಅಚ್ಚಕನ್ನಡದಲ್ಲಿ ಉತ್ತರ ಬಂದಾಗ ಕೇಳಿದವರು ತಬ್ಬಿಬ್ಬಾಗುವರು.

ಸವಣೂರಿನ ದೊಡ್ಡಹುಣಸೆಯ ಕಲ್ಮಠದ ಆವರಣದ ಮಹಾವೃಕ್ಷಗಳನ್ನು ನೋಡದವರು ನಮ್ಮಲ್ಲಿ ವಿರಳ. ಆನೆಯ ಮೈಯಂಥ ಆ ಬುಡಗಳನ್ನು ಹತ್ತಾರು ಜನ ಕೈಹಿಡಿದು ಸುತ್ತುಗಟ್ಟಬೇಕು. ಸಸ್ಯಶಾಸ್ತ್ರಜ್ಞರ ಮತದಂತೆ ಅವು ಹುಣಸೆಯ ಜಾತಿಯವಲ್ಲ. ಆಫ್ರಿಕಾ ಖಂಡದ ಬಾವೊಬಾಬ್ ಎಂಬ ಮರಗಳು. ಬೀಜವು ಯಾವ ಹಡಗಿನಲ್ಲಿ ಬಂದರೇನು, ನಾವು ಅವಕ್ಕೆ ಕನ್ನಡದ ಹೆಸರಿಟ್ಟೆವು, ಪುರಾಣಪುರುಷರು ನೆಟ್ಟರೆಂದು ಕಥೆ ಕಟ್ಟಿದೆವು, ಕುಂಕುಮ ಹಚ್ಚಿ ಕೈಮುಗಿದೆವು. ಅದೇ ಸಮುದ್ರದಾಚೆಯಿಂದ ಬಂದ ಮನುಷ್ಯರಿಗೆ ಇಷ್ಟು ಬೇಗನೆ ಪುರಾಣದಲ್ಲಿ ಸ್ಥಳ ಸಿಗಲಿಲ್ಲ.

ಈಗ ಪರದೇಶಗಳ ಕಡೆಗೆ ಕಣ್ಣು ಹಾಯಿಸೋಣ. ಫ್ರಾನ್ಸ ದೇಶದ ಮಹಾಕ್ರಾಂತಿಯು ೧೭೯೪ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದುಮಾಡಿತು. ಆರು ವರ್ಷಗಳ ತರುವಾಯ, ೧೮೦೦ರಲ್ಲಿ, ಮಾರಿ ಗಿಯೆಮೀನ್ ಬೆನ್ವಾ ಎಂಬ ಚಿತ್ರಕರ್ತ್ರಿಯು ಪ್ಯಾರಿಸಿನ ಪ್ರದರ್ಶನದಲ್ಲಿ ಒಂದು ತೈಲಚಿತ್ರವನ್ನಿಟ್ಟಳು. ಕುರ್ಚಿಯಲ್ಲಿ ಕುಳಿತ ಒಬ್ಬ ಕರಿಯ ತರುಣಿ. ತಲೆಗೂ ಮೈಗೂ ಬಿಳಿಯ ವಸ್ತ್ರ, ಕುರ್ಚಿಯ ಮೇಲೆ ನೀಲಿಯ ಶಾಲು, ನಡುವಿಗೆ ಕೆಂಪು ಪಟ್ಟಿ. ಈ ಮೂರು ಬಣ್ಣಗಳು ಫ್ರಾನ್ಸಿನ ಬಾವುಟದವೆಂದೂ, ದಾಸ್ಯವಿಮುಕ್ತ ಗಣರಾಜ್ಯವನ್ನೇ ಈ ತರುಣಿಯ ರೂಪದಲ್ಲಿ ಬರೆದದ್ದೆಂದೂ ಅನೇಕ ವಿಮರ್ಶಕರ ಅಭಿಪ್ರಾಯ. ಆಕೆಯ ನೋಟದಲ್ಲಿ ದೈನ್ಯವಿಲ್ಲ. ಆದರೂ ಆಕೆಯ ಎದೆಯ ಒಂದು ಭಾಗವನ್ನು ತೆರೆದು ತೋರಿಸಿದ್ದಕ್ಕಾಗಿ, ಆಕೆಯ ಒಪ್ಪಿಗೆ ಎಷ್ಟರಮಟ್ಟಿಗೆ ಇದ್ದೀತೆಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ೧೮೦೨ರಲ್ಲಿ ನೆಪೋಲಿಯನ್ನನು ಗುಲಾಮಗಿರಿಯನ್ನು ಮರಳಿ ಸ್ಥಾಪಿಸಿದನು. ಚಿತ್ರವನ್ನು ೧೮೧೮ರಲ್ಲಿ ಲೂವ್ರ್ ಸಂಗ್ರಹಾಲಯಕ್ಕೆ ಕೊಂಡುಕೊಂಡರು. ಅದರ ಕೆಳಗೆ ‘ಒಬ್ಬ ನೀಗ್ರೋ ಹೆಂಗಸಿನ ಚಿತ್ರ’ ಎಂದು ಮಾತ್ರ ಬರೆದಿದ್ದಿತು. ಆಕೆಯು ಗ್ವಾಡೆಲೂಪ್ ದ್ವೀಪದಿಂದ ಬಂದವಳೆಂದೂ ಆಕೆಯ ಹೆಸರು ಮ್ಯಾಡಲಿನ್ ಎಂದೂ ಜನರೆದುರಿಗೆ ಬರೆದದ್ದು ೨೦೧೯ರ ಪ್ರದರ್ಶನದಲ್ಲಿ. ಹೆಸರು ಸೇರಲು ಎರಡು ಶತಕಗಳು ಬೇಕಾದವು!

ಅಮೇರಿಕೆಯ ಸ್ವಾತಂತ್ರ್ಯದೇವಿಯ ಪ್ರತಿಮೆಯ ಹಿನ್ನೆಲೆಯು ಇನ್ನೂ ವಿಚಿತ್ರವಾಗಿದೆ. ಅದನ್ನು ರಚಿಸಿದ ಫ್ರೆಂಚ ಶಿಲ್ಪಿ ಬಾರ್ತೋಲ್ದಿಯು ಅದಕ್ಕೂ ಮೊದಲು, ೧೮೬೯ರ ಸುಮಾರಿಗೆ, ಸುವೇಜ ಕಾಲುವೆಯ ಬಾಯಿಯಲ್ಲಿ ದೀಪವನ್ನೆತ್ತಿ ನಿಂತ ಈಜಿಪ್ತದ ಒಕ್ಕಲುಗಿತ್ತಿಯ ಭವ್ಯಪ್ರತಿಮೆಯನ್ನು ನಿಲ್ಲಿಸಬೇಕೆಂದು ಅಲ್ಲಿಯ ಖದೀವನಿಗೆ ನಕ್ಷೆಯನ್ನು ಒಪ್ಪಿಸಿದ್ದನು. ಅದು ಕೈಗೂಡಲಿಲ್ಲ. ೧೮೮೬ರಲ್ಲಿ ನ್ಯೂಯಾರ್ಕ ಬಂದರದಲ್ಲಿ ದೀಪವೆತ್ತಿ ನಿಂತವಳು ಗ್ರೀಕ ರೋಮನ್ ಮುಖದ ದೇವಿ. ಆಕೆಯ ಪಾದದ ಬಳಿಯಲ್ಲಿ ಮುರಿದ ಸಂಕಲೆಗಳಿವೆ. ಕೆಳಗಿನಿಂದ ನೋಡುವವರಿಗೆ ಅವು ಸುಲಭವಾಗಿ ಕಾಣುವದಿಲ್ಲ.

ಈ ಸಂಕಲೆಗಳನ್ನು ಮರೆಯದವಳು ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ ಹುಟ್ಟಿದ ಫೇತ್ ರಿಂಗೋಲ್ಡ (೧೯೩೦–೨೦೨೪). ಈಕೆಯ ಕಥೆಯನ್ನು ತುಸು ವಿಸ್ತಾರವಾಗಿ ಹೇಳುವದಕ್ಕೆ ಕಾರಣವಿದೆ. ಈಕೆಯು ತೈಲಚಿತ್ರಗಳನ್ನು ಬರೆಯುತ್ತಿದ್ದವಳು, ಮುಂದೆ ಕೌದಿಯ ಕಡೆಗೆ ತಿರುಗಿದಳು. ಹೌದು, ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹಳೆಯ ಸೀರೆಗಳಿಂದ ಹೊಲಿಯುವಂಥ ಕೌದಿಯೇ. ಆಕೆಯ ಪೂರ್ವಜರಲ್ಲಿ ಗುಲಾಮಳಾಗಿದ್ದ ಮುತ್ತಜ್ಜಿಯೊಬ್ಬಳು ಒಡೆಯರಿಗಾಗಿ ಕೌದಿ ಹೊಲಿಯುತ್ತಿದ್ದಳು. ತಾಯಿಯು ಬಟ್ಟೆ ಹೊಲಿಯುವ ಕಸಬಿನವಳು. ತಾಯಿ ಮಗಳು ಕೂಡಿ ೧೯೮೦ರಲ್ಲಿ ಮೊದಲ ಕೌದಿಯನ್ನು ಮಾಡಿದರು. ಅಲ್ಲಿಂದ ರಿಂಗೋಲ್ಡಳು ನಡುವೆ ಬಣ್ಣದ ಚಿತ್ರವನ್ನು ಬರೆದು ಸುತ್ತಲೂ ಬಟ್ಟೆಯ ತುಂಡುಗಳ ಅಂಚನ್ನು ಹೊಲಿಯುವ ಹೊಸ ಮಾರ್ಗವನ್ನೇ ಹುಟ್ಟಿಸಿದಳು. ೧೯೯೭ರ ಅಂಥ ಒಂದು ಕೃತಿಯ ಹೆಸರು ‘ನಾವು ಅಮೇರಿಕೆಗೆ ಬಂದೆವು’ ಎಂಬರ್ಥದ್ದು. ಅದರಲ್ಲಿ ಸ್ವಾತಂತ್ರ್ಯದೇವಿಯು ಕರಿಯ ಹೆಂಗಸು. ತಲೆಯಲ್ಲಿ ಕಿರೀಟದ ಕೆಳಗೆ ಜಡೆಗಟ್ಟಿದ ಕೂದಲು, ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದು ತೋಳಿನಲ್ಲಿ ಕೂಸು. ದೂರದಲ್ಲಿ ಗುಲಾಮರ ಹಡಗು ಉರಿಯುತ್ತಿದೆ. ಸಮುದ್ರದ ತುಂಬ ಕರಿಯ ಜನರು ನೀರಿನಲ್ಲಿದ್ದಾರೆ. ಬಂದರಕ್ಕೆ ಬಂದವರನ್ನು ಸ್ವಾಗತಿಸುವ ದೇವಿಯೆಂದು ಲೋಕವು ಕೊಂಡಾಡುವಾಗ, ಸಂಕಲೆಯಲ್ಲಿ ಬಂದವರನ್ನು ಯಾರು ಸ್ವಾಗತಿಸಿದರೆಂದು ಆ ಕೌದಿಯು ಕೇಳುತ್ತದೆ. ತೋಳಿನ ಕೂಸನ್ನು ನೋಡಿದರೆ ಕೋಪಕ್ಕಿಂತ ಮರುಕವೇ ಹೆಚ್ಚಾಗಿ ಕಾಣುವದು. ಆ ಚಿತ್ರವು ನನಗೆ ಪ್ರಿಯವಾಗಿರುವದು ಅದರಿಂದಲೇ.

ತೀರ ಈಚಿನ ಸಂಗತಿಯೊಂದಿದೆ. ೧೯೭೩ರಲ್ಲಿ ಹುಟ್ಟಿದ ಏಮಿ ಶೆರಾಲ್ಡ ಎಂಬಾಕೆಯು ಅಧ್ಯಕ್ಷರ ಪತ್ನಿಯಾಗಿದ್ದ ಮಿಶೆಲ್ ಒಬಾಮಾ ಅವರ ಭಾವಚಿತ್ರದಿಂದ ೨೦೧೮ರಲ್ಲಿ ಪ್ರಖ್ಯಾತಳಾದಳು. ಈಕೆಯು ಕರಿಯರ ಮೈಯನ್ನು ಬೂದುಬಣ್ಣದಲ್ಲಿ ಬರೆಯುವಳು. ಉಡಿಗೆಗೆ ಮಾತ್ರ ಝಗಝಗಿಸುವ ಬಣ್ಣಗಳನ್ನು ಹಾಕುವಳು. ನೋಡುವವರು ಮೊದಲು ಬಣ್ಣವನ್ನು ನೋಡದೆ ಮನುಷ್ಯನನ್ನು ನೋಡುವಂತಾಗುವದು ಇದರ ಫಲ. ೨೦೨೪ರಲ್ಲಿ ಆಕೆಯು ಸ್ವಾತಂತ್ರ್ಯದೇವಿಯ ಭಂಗಿಯಲ್ಲಿ ಒಬ್ಬ ಕರಿಯ ಲಿಂಗಾಂತರಿ ಹೆಣ್ಣುಮಗಳನ್ನು ಬರೆದಳು. ದೀವಟಿಗೆಯಲ್ಲಿ ಉರಿಯ ಸ್ಥಳದಲ್ಲಿ ಹೂಗಳು. ವಾಶಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯಲ್ಲಿ ೨೦೨೫ರ ಸಪ್ಟಂಬರದಲ್ಲಿ ಆಕೆಯ ಪ್ರದರ್ಶನವು ನಡೆಯಬೇಕಾಗಿತ್ತು. ಈ ಒಂದು ಚಿತ್ರವನ್ನು ಕೈಬಿಡುವ ವಿಚಾರವು ನಡೆದಿದೆಯೆಂದು ತಿಳಿದ ಕೂಡಲೆ, ಜುಲೈ ತಿಂಗಳಲ್ಲಿಯೇ ಆಕೆಯು ಪ್ರದರ್ಶನವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಳು. ದೇವಿಯ ಮುಖವು ಯಾರದಾಗಿರಬೇಕೆಂಬ ಮಾತು ಇಂದಿಗೂ ಎಷ್ಟು ಬಿಸಿಯಾದದ್ದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರಿಂಗೋಲ್ಡಳ ಕೌದಿಯಿಂದ ನಮ್ಮ ಸಿದ್ದಿಯರ ಕೌದಿಗೆ ಹಾದಿಯು ದೂರವಿಲ್ಲ. ಸಿದ್ದಿ ಹೆಂಗಸರು ಇದನ್ನು ಕವಂದವೆನ್ನುವರು. ಮಾಸಿದ ಸೀರೆ, ಲಂಗ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಚ್ಚುತ್ತ, ಸುತ್ತು ಸುತ್ತಾಗಿ ಹೊಲಿಗೆ ಹಾಕುತ್ತ ನಡುವಿಗೆ ಬರುವದು ಅವರ ಪದ್ಧತಿ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಹೂಗಳನ್ನು ಕೂಡ್ರಿಸಿದ ಹೊರತು ಕವಂದವು ಪೂರ್ತಿಯಾಯಿತೆಂದು ಅವರು ಎಣಿಸುವದಿಲ್ಲ. ಪರದೇಶದ ಪಂಡಿತರು ಇವುಗಳನ್ನು ನೋಡಿ ಮೆಚ್ಚಿ ಗ್ರಂಥಗಳನ್ನು ಬರೆದಿದ್ದಾರೆ, ಸಂಗ್ರಹಾಲಯಗಳಲ್ಲಿ ಗೋಡೆಗೆ ತೂಗುಹಾಕಿದ್ದಾರೆ. ಎರಡು ಸಾಗರಗಳ ಎರಡು ದಂಡೆಗಳಲ್ಲಿ, ಒಂದೇ ಖಂಡದಿಂದ ಬಲಾತ್ಕಾರವಾಗಿ ಒಯ್ಯಲ್ಪಟ್ಟವರ ಮೊಮ್ಮಕ್ಕಳು ಚಿಂದಿಯಿಂದಲೇ ಚಿತ್ರ ಮಾಡಿದರೆಂಬದು ವಿಸ್ಮಯಕರವಾದರೂ, ಇದನ್ನು ರಕ್ತದ ಗುಣವೆಂದು ಹೇಳಲು ನನಗೆ ಮನಸ್ಸಿಲ್ಲ. ಕೌದಿಯು ನಮ್ಮ ಎಲ್ಲ ಜಾತಿಯ ಬಡವರ ಮನೆಗಳಲ್ಲಿಯೂ ಇದೆ. ಛಳಿಯೂ ಬಡತನವೂ ಎಲ್ಲ ಕಡೆಯೂ ಒಂದೇ ವಿದ್ಯೆಯನ್ನು ಕಲಿಸುವವು.

ಭುವನೇಶ್ವರಿಯನ್ನು ಸಿದ್ದಿ ಹೆಣ್ಣುಮಗಳ ರೂಪದಲ್ಲಿ ಬರೆದರೆ ಹ್ಯಾಗೆಂದು ನಾನು ಕೆಲವು ಗೆಳೆಯರನ್ನು ಕೇಳಿದೆ. ದೇವಿಗೆ ಅಪಚಾರವಾದೀತೆಂದು ಒಬ್ಬರೆಂದರು. ಉದಯಸೂರ್ಯನ ಬಣ್ಣದವಳನ್ನು ಹಾಲಿನ ಬಣ್ಣದವಳನ್ನಾಗಿ ಮಾಡಿದಾಗ ಆಗದ ಅಪಚಾರವು ಈಗ ಹ್ಯಾಗೆ ಆದೀತೆಂಬದು ತಿಳಿಯುವದಿಲ್ಲ. ಇನ್ನೊಬ್ಬರು ಎತ್ತಿದ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಅಡವಿಯ ಹೆಣ್ಣುಮಗಳಿಗೆ ಕಿರೀಟ ತೊಡಿಸಿ ಪಟದಲ್ಲಿ ಕೂಡ್ರಿಸಿ, ಆಕೆಗೆ ಭೂಮಿಯ ಹಕ್ಕುಪತ್ರವನ್ನೂ ಆಕೆಯ ಮಗಳಿಗೆ ಶಾಲೆಯನ್ನೂ ಕೊಡದೆ ಹೋದರೆ ಅದು ಬರಿಯ ಶೋಭೆಯ ಮಾತಾದೀತೆಂದು ಅವರು ಹೇಳಿದರು. ಇದನ್ನು ನಾನು ಒಪ್ಪುತ್ತೇನೆ. ಆದರೆ ಒಂದಕ್ಕಾಗಿ ಇನ್ನೊಂದನ್ನು ತಡೆಹಿಡಿಯಬೇಕಾದದ್ದಿಲ್ಲ. ವಿಜಾಪುರದ ಇಖಲಾಸಖಾನನ ಚಿತ್ರವು ಇಲ್ಲದಿದ್ದರೆ, ಆಫ್ರಿಕೆಯ ಮೂಲದವನೊಬ್ಬನು ಕನ್ನಡನೆಲದ ರಾಜ್ಯವೊಂದರ ಕಾರಭಾರವನ್ನು ನಡೆಯಿಸಿದನೆಂಬದನ್ನು ಇಂದು ಎಷ್ಟು ಜನ ನಂಬುತ್ತಿದ್ದರು?

ಆದುದರಿಂದ ನಮ್ಮ ಜಿಲ್ಲೆಯ ಚಿತ್ರಕಲಾಶಿಕ್ಷಕರಲ್ಲಿ ಒಂದು ವಿಜ್ಞಾಪನೆ. ಹಾನಗಲ್ಲಿನಿಂದ ಮುಂಡಗೋಡಕ್ಕೆ ಹೋಗಿ ಬರುವದು ಒಂದು ಹಗಲಿನ ಕೆಲಸ. ಬರುವ ರಾಜ್ಯೋತ್ಸವಕ್ಕೆ ಮುಂಚೆ ಯಾರಾದರೊಬ್ಬರು ಬಣ್ಣದ ಪೆಟ್ಟಿಗೆಯೊಡನೆ ಅತ್ತ ಹೋಗಲಿ. ಕವಂದ ಹೊಲಿಯುವ ಒಬ್ಬ ತಾಯಿಯ ಮುಂದೆ ಕುಳಿತು, ತಮ್ಮ ಉದ್ದೇಶವನ್ನು ತಿಳಿಸಿ, ಆಕೆಯು ಒಪ್ಪಿದರೆ, ಆಕೆಗೆ ಸಲ್ಲತಕ್ಕ ಸಂಭಾವನೆಯನ್ನು ಸಲ್ಲಿಸಿ, ಚಿತ್ರವನ್ನು ಬರೆಯಲಿ. ಆಕೆಯು ಏನನ್ನು ಉಟ್ಟು ಕುಳಿತುಕೊಳ್ಳಬೇಕ, ಕೈಯಲ್ಲಿ ಏನನ್ನು ಹಿಡಿಯಬೇಕೆಂಬದನ್ನು ಆಕೆಯೇ ಗೊತ್ತುಮಾಡಲಿ. ಒಂದು ವೇಳೆ ಆಕೆಯು ಒಲ್ಲೆನೆಂದರೆ ಚಹಾ ಕುಡಿದು ಹಿಂದಿರುಗಲಿ. ಬರೆದದ್ದಾದರೆ ಚಿತ್ರದ ಕೆಳಗೆ ಮೊದಲು ಆಕೆಯ ಹೆಸರನ್ನು, ಆಕೆಯ ಊರಿನ ಹೆಸರನ್ನು ದುಂಡಗಿನ ಅಕ್ಷರಗಳಲ್ಲಿ ಬರೆಯಲಿ. ಚಿತ್ರಕಾರನ ಹೆಸರು ಆಮೇಲೆ ಬಂದರೂ ನಡೆದೀತು.